ಶಿನ್‌ಚಾನ್ ಅಪ್ಪನ 32 ವರ್ಷದ ಸಾಲ

ಜಪಾನಿನ ಕಾರ್ಟೂನ್ ಸರಣಿಯ ಹುಡುಗ ಶಿನ್‌ಚಾನ್‌ನ ಅಪ್ಪ ಹಿರೋಶಿ ನೊಹಾರಾಗೆ ವಯಸ್ಸು 35. ಮನೆ ಸಾಲದ ಕಂತು ಇನ್ನೂ 32 ವರ್ಷ ಬಾಕಿ. ಅಂದರೆ ಸಾಲ ತೀರುವ ಹೊತ್ತಿಗೆ ಅವನಿಗೆ 67. ಕೆಲಸ ಟೋಕಿಯೊದಲ್ಲಿ, ಮನೆ ಸುಮಾರು 35 ಕಿಲೋಮೀಟರ್ ದೂರದ ಕಸುಕಾಬೆಯಲ್ಲಿ. ಬೆಳಗ್ಗೆ ರೈಲು, ರಾತ್ರಿ ರೈಲು, ನಡುವೆ ಮೇಲಧಿಕಾರಿ.

ಈ ಸರಣಿ ಭಾರತದ ಹಂಗಾಮ ವಾಹಿನಿಗೆ ಬಂದದ್ದು 2006ರಲ್ಲಿ. ಹಿಂದಿಯ ಜೊತೆ ತಮಿಳು, ತೆಲುಗಿನಲ್ಲೂ ಮಾತಾಡಿತು. ಮಕ್ಕಳು ಕೆಡುತ್ತಾರೆಂಬ ದೂರಿನ ಮೇಲೆ 2008ರಲ್ಲಿ ಕೇಂದ್ರ ಸರ್ಕಾರ ತಡೆದಿತ್ತು. ಕತ್ತರಿ ಹಾಕಿಸಿಕೊಂಡು ಮರಳಿತು. ದೂರು ಕೊಟ್ಟವರಿಗೆ ಹುಡುಗ ಚಡ್ಡಿ ಜಾರಿಸಿ ಕುಣಿದದ್ದು ಕಂಡಿತು, ಅಪ್ಪನ ಸಾಲ ಕಾಣಲಿಲ್ಲ. ಅಂಥ ಅಪ್ಪ ನಮ್ಮ ಪಕ್ಕದಲ್ಲೂ ಇದ್ದಾನೆ. ಚೆನ್ನೈ ಬೀಚ್‌ನಿಂದ ತಾಂಬರಂಗೆ 1931ರಿಂದಲೂ ವಿದ್ಯುತ್ ರೈಲು ಓಡುತ್ತಿದೆ. ಆ ರೈಲು ಮಾರ್ಗದ ಆಚೆ ಫ್ಲಾಟ್ ಕೊಂಡವನ ಲೆಕ್ಕ ಹಾಕಿ ನೋಡಿ: 40 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು 34,700 ರೂಪಾಯಿ. ಒಟ್ಟು ಕಟ್ಟುವುದು 83 ಲಕ್ಷ ಮೀರುತ್ತದೆ. ಈ ಮನೆಯ ಹುಡುಗ ನೋಡುವ ಕಾರ್ಟೂನಿನಲ್ಲಿ ಅವನ ಅಪ್ಪನೇ ಇದ್ದಾನೆ, ಹೆಸರು ಮಾತ್ರ ಜಪಾನಿನದು.

ಜಪಾನಿನ ಅನಿಮೆಯನ್ನು ಭೂತ, ಕತ್ತಿ, ದೊಡ್ಡ ಕಣ್ಣುಗಳ ಲೋಕ ಎಂದು ತಳ್ಳಿಹಾಕುವವರು ಇಂಥ ಸಣ್ಣ ಅಂಕಿಗಳನ್ನು ಗಮನಿಸಬೇಕು. ಅಲ್ಲಿ 1969ರ ಅಕ್ಟೋಬರ್‌ನಿಂದ ಪ್ರತಿ ಭಾನುವಾರ ಸಂಜೆ ಬರುತ್ತಿರುವ ‘ಸಜಾಎ-ಸಾನ್’ ಸರಣಿಯಲ್ಲಿ ಒಂದೇ ಸೂರಿನಡಿ ಏಳು ಜನ. 2020ರ ಜನಗಣತಿಯಲ್ಲಿ ಜಪಾನಿನ ಒಂದು ಮನೆಗೆ ಸರಾಸರಿ 2.21 ಜನ, ಶೇ 38ರಷ್ಟು ಮನೆಗಳಲ್ಲಿ ಒಬ್ಬರೇ. ಕಳೆದುಕೊಂಡದ್ದನ್ನು ವಾರಕ್ಕೊಮ್ಮೆ ನೋಡುವುದೂ ಒಂದು ಬಗೆಯ ಸಮಾಜವೇ.

ಇನ್ನು ಚಿತ್ರದ ಲೆಕ್ಕ. 1963ರ ಜನವರಿ 1ರಂದು ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಸರಣಿ ಶುರುಮಾಡಿದಾಗ ಕಂತೊಂದನ್ನು ವಾಹಿನಿಗೆ ಕೊಟ್ಟ ದರ ಸುಮಾರು 5.5 ಲಕ್ಷ ಯೆನ್, ತಯಾರಿಸಲು ತಗಲಿದ್ದು ಅದರ ಹಲವು ಪಟ್ಟು ಎಂದೇ ಆ ಉದ್ಯಮದಲ್ಲಿ ಪ್ರತೀತಿ. ನಷ್ಟ ತುಂಬಿಕೊಳ್ಳಲು ಎರಡು ದಾರಿ: ಗೊಂಬೆ, ಚಾಕೊಲೇಟಿನ ಮೇಲೆ ಪಾತ್ರದ ಚಿತ್ರ ಮಾರುವುದು, ಮತ್ತು ಚಿತ್ರಗಳನ್ನೇ ಕಡಿಮೆ ಬಿಡಿಸುವುದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡಿದರೆ, ಒಂದೇ ಚಿತ್ರವನ್ನು ಮೂರು ಚೌಕಟ್ಟು ನಿಲ್ಲಿಸಿ ಎಂಟಕ್ಕೆ ಇಳಿಸಿದರು. ಮುಖ ಅಲುಗಾಡುವುದಿಲ್ಲ, ಬಾಯಿ ಮಾತ್ರ ಮುಚ್ಚಿದ್ದು, ಅರೆ ತೆರೆದದ್ದು, ತೆರೆದದ್ದು, ಮೂರೇ ಚಿತ್ರ. ಓಡುವವನ ಕಾಲು ಒಂದೇ ಸುತ್ತು ತಿರುಗುತ್ತದೆ, ಹಿಂದಿನ ಬೀದಿ ಜಾರುತ್ತದೆ. ಮಾತಿಲ್ಲದ ಕ್ಷಣಕ್ಕೆ ವಿದ್ಯುತ್ ತಂತಿ, ಜೀರುಂಡೆಯ ಸದ್ದು, ಮೋಡ. ಇವನ್ನೆಲ್ಲ ಜಪಾನೀ ಸೌಂದರ್ಯಪ್ರಜ್ಞೆ ಎಂದು ನಾವು ಹೊಗಳುತ್ತೇವೆ. ಹೊಗಳಿಕೆ ಸುಳ್ಳಲ್ಲ, ಆದರೆ ಅದರ ಅರ್ಧ ಪಾಲು ಖರ್ಚು ಉಳಿಸುವ ಜಾಣತನಕ್ಕೆ ಸಲ್ಲಬೇಕು.

ಹೋಲಿಕೆಗೆ ನಮ್ಮದೇ ಕಥೆಯ ಚಿತ್ರವೊಂದಿದೆ. ಯುಗೋ ಸಾಕೊ ಮತ್ತು ರಾಮ್ ಮೋಹನ್ ಕೈಗೂಡಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಸುಮಾರು 450 ಕಲಾವಿದರು, ಹತ್ತಿರ ಹತ್ತಿರ ಒಂದು ಲಕ್ಷ ಹಾಳೆ, 135 ನಿಮಿಷ. ಭಾಗಿಸಿದರೆ ಸೆಕೆಂಡಿಗೆ 12ಕ್ಕಿಂತ ಹೆಚ್ಚು ಹಾಳೆ. ಹಳೆಯ ಟಿವಿ ಕಂತಿಗೆ 2,000 ಹಾಳೆ ಎಂದು ಹಿಡಿದರೂ ಸೆಕೆಂಡಿಗೆ ಒಂದೂವರೆ ದಾಟುವುದಿಲ್ಲ. 1993ರಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ಕಂಡ ಈ ಚಿತ್ರ ದೇಶದ ಚಿತ್ರಮಂದಿರಗಳಿಗೆ ಸರಿಯಾಗಿ ಬಂದದ್ದು 2025ರ ಜನವರಿ 24ರಂದು. ಚೆನ್ನೈಯಲ್ಲಿ ರಾಮ ತಮಿಳು ಮಾತಾಡಿದ.

ಉಳಿತಾಯದ ಹೊರೆ ಬಿದ್ದದ್ದು ಯಾರ ಮೇಲೆ? ಜಪಾನಿನ ಅನಿಮೇಟರ್‌ಗಳ ಸಂಘ 2015ರಲ್ಲಿ ಹೊರತಂದ ಸಮೀಕ್ಷೆಯಂತೆ, ಎರಡು ಮುಖ್ಯ ಭಂಗಿಗಳ ನಡುವಣ ಚಿತ್ರ ಬಿಡಿಸುವವರ 2013ರ ಸರಾಸರಿ ಆದಾಯ ಸುಮಾರು 11.1 ಲಕ್ಷ ಯೆನ್. ರೂಪಾಯಿಗೆ ತಂದರೆ ಆರೂವರೆ ಲಕ್ಷ, ಚೆನ್ನೈಯ ಕಣ್ಣಿಗೆ ಪರವಾಗಿಲ್ಲ ಅನ್ನಿಸಬಹುದು. ಅದೇ ಸಮೀಕ್ಷೆಯಲ್ಲಿ ಈ ರಂಗದವರ ಸರಾಸರಿ ದುಡಿಮೆ ತಿಂಗಳಿಗೆ 262 ಗಂಟೆ. ಅಷ್ಟೇ ದುಡಿದರೆಂದು ಭಾಗಿಸಿದರೆ ಗಂಟೆಗೆ 350 ಯೆನ್ ಚಿಲ್ಲರೆ. 2013ರಲ್ಲಿ ಟೋಕಿಯೊದ ಕನಿಷ್ಠ ಕೂಲಿ ಗಂಟೆಗೆ 869. ಇದೇ ಉದ್ಯಮದ ಮಾರುಕಟ್ಟೆ 2024ರಲ್ಲಿ 3.84 ಲಕ್ಷ ಕೋಟಿ ಯೆನ್, ಅದರಲ್ಲಿ 2.17 ಲಕ್ಷ ಕೋಟಿ ಹೊರದೇಶಗಳಿಂದ.

ಹೊರದೇಶದ ಪ್ರೇಕ್ಷಕ ಈ ಚಿತ್ರಗಳಲ್ಲಿ ತನ್ನ ಊರನ್ನೂ ಕಾಣುತ್ತಾನೆ. ಮಕೊಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯು’ ಭಾರತದಲ್ಲಿ ಬಿಡುಗಡೆಯಾದದ್ದು 2019ರ ಅಕ್ಟೋಬರ್ 11ರಂದು, ಅಭಿಮಾನಿಗಳು 50,000ಕ್ಕೂ ಹೆಚ್ಚು ಸಹಿ ಕೂಡಿಸಿ ಬೇಡಿಕೊಂಡ ಮೇಲೆ. ಟೋಕಿಯೊದಲ್ಲಿ ಮಳೆ ನಿಲ್ಲುವುದೇ ಇಲ್ಲ. ಹುಡುಗಿಯೊಬ್ಬಳು ಪ್ರಾರ್ಥಿಸಿ ಬಿಸಿಲು ತರುತ್ತಾಳೆ, ಅದಕ್ಕೆ ದರ 3,400 ಯೆನ್, ಆಗಿನ ವಿನಿಮಯದಲ್ಲಿ 2,200 ರೂಪಾಯಿ. ಅದೇ ವರ್ಷದ ಬೇಸಿಗೆಯಲ್ಲಿ ಚೆನ್ನೈಯ ನಾಲ್ಕು ಜಲಾಶಯಗಳು ಬರಿದಾಗಿ, ಒಂದು ಖಾಸಗಿ ಟ್ಯಾಂಕರ್ ನೀರಿಗೆ ಜನ 5,000 ರೂಪಾಯಿ ಆಸುಪಾಸು ಎಣಿಸಿದ್ದರು. ಅದಕ್ಕೂ ನಾಲ್ಕು ವರ್ಷ ಹಿಂದೆ, 2015ರ ಡಿಸೆಂಬರ್ 1-2ರಂದು, ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ ಸುರಿದು ಅಡಯಾರ್ ನದಿ ಮನೆಯೊಳಕ್ಕೆ ಬಂದಿತ್ತು. ಚಿತ್ರದ ಕೊನೆಯಲ್ಲಿ ಟೋಕಿಯೊದ ಬಹುಭಾಗ ಮುಳುಗುತ್ತದೆ, ಜನ ದೋಣಿಯಲ್ಲಿ ಓಡಾಡುತ್ತಾರೆ. ತಾಂಬರಂ ಪಕ್ಕದ ಮುಡಿಚೂರಿನವರಿಗೆ ಅದು ಕಲ್ಪನೆಯ ದೃಶ್ಯವಲ್ಲ.

‘ಡೀಮನ್ ಸ್ಲೇಯರ್’ ಗೆದ್ದ ಕಾರಣ ಇನ್ನೂ ಸರಳ. ಸುಮಾರು ನೂರು ವರ್ಷದ ಹಿಂದಿನ ಜಪಾನ್. ಇದ್ದಿಲು ಮಾರುವ ಹುಡುಗ ಮನೆಯವರನ್ನೆಲ್ಲ ಕಳೆದುಕೊಂಡು, ರಾಕ್ಷಸಿಯಾದ ತಂಗಿಯನ್ನು ಬೆನ್ನ ಮೇಲಿನ ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಾನೆ. ತಮಿಳಿನ ಅಣ್ಣ-ತಂಗಿಯ ಚಿತ್ರ ‘ಪಾಸಮಲರ್’ಗೆ ಅತ್ತ ಊರಿಗೆ, ‘ದೇವರು ಕೊಟ್ಟ ತಂಗಿ’ಗೆ ಅತ್ತ ನಮಗೂ, ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇದರ ‘ಇನ್ಫಿನಿಟಿ ಕ್ಯಾಸಲ್’ 2025ರ ಸೆಪ್ಟೆಂಬರ್ 12ರಂದು ಭಾರತಕ್ಕೆ ಬಂತು: 155 ನಿಮಿಷ, ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಗಲ್ಲಾಪೆಟ್ಟಿಗೆಯ ಲೆಕ್ಕ ಇಡುವವರ ಅಂದಾಜಿನಂತೆ ದೇಶದಲ್ಲಿ ಮೊದಲ ವಾರಾಂತ್ಯಕ್ಕೇ 40 ಕೋಟಿ ಹತ್ತಿರ.

ಚೆನ್ನೈಯ ಮಲ್ಟಿಪ್ಲೆಕ್ಸಿನಲ್ಲಿ ಸಾಮಾನ್ಯ ಪರದೆಯ ಮೂಲ ದರಕ್ಕೆ 2017ರಿಂದ 150 ರೂಪಾಯಿಯ ಮಿತಿ; ತೆರಿಗೆ ಕೂಡಿದರೂ 200ರ ಆಸುಪಾಸು. ಟೋಕಿಯೊದ ದೊಡ್ಡ ಚಿತ್ರಮಂದಿರದಲ್ಲಿ ಅದೇ ಚಿತ್ರಕ್ಕೆ 2,000 ಯೆನ್, ಸುಮಾರು 1,150 ರೂಪಾಯಿ. ಬೆಂಗಳೂರಿನ ವಾರಾಂತ್ಯದ ದರ 500 ದಾಟುವುದು ಹೊಸದೇನಲ್ಲ. ಕರ್ನಾಟಕ ಸರ್ಕಾರ 200 ರೂಪಾಯಿ ಮಿತಿಯ ಅಧಿಸೂಚನೆ ಹೊರಡಿಸಿದ್ದೂ ಅದೇ ಸೆಪ್ಟೆಂಬರ್ 12ರಂದೇ. 23ರಂದು ಹೈಕೋರ್ಟ್ ತಡೆ ಕೊಟ್ಟಿತು. ಮನೆಯಲ್ಲಿ ನೋಡುವವರಿಗೆ ಅನಿಮೆ ತಾಣ ಕ್ರಂಚಿರೋಲ್ 2022ರಲ್ಲಿ ತಿಂಗಳ ದರವನ್ನು 79 ರೂಪಾಯಿಗೆ ಇಳಿಸಿತು, ಮರುವರ್ಷ ತಮಿಳು, ತೆಲುಗು ಧ್ವನಿ ಸೇರಿಸಿತು. ಟೋಕಿಯೊದಲ್ಲಿ 2024ರ ಮಾರ್ಚ್‌ನಲ್ಲಿ ಅದರ ಪ್ರಶಸ್ತಿ ಸಮಾರಂಭದಲ್ಲಿ ಪ್ರಶಸ್ತಿ ಕೊಟ್ಟವರಲ್ಲಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಒಬ್ಬರು. ಆದರೆ ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ.

ಕನ್ನಡ ಡಬ್ಬಿಂಗ್ ದುಬಾರಿ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಸನ್ ಜಾಲದ ಮಕ್ಕಳ ವಾಹಿನಿ ಚಿಂಟು ಟಿವಿ 2009ರಿಂದ ಕಾರ್ಟೂನುಗಳಿಗೆ ಕನ್ನಡ ಮಾತು ಕೊಡುತ್ತಿದೆ. ಆ ಜಾಲದ ಕೇಂದ್ರ ಕಚೇರಿ ಇರುವುದು ಚೆನ್ನೈಯ ಎಂ.ಆರ್.ಸಿ. ನಗರದಲ್ಲಿ. ಡಬ್ಬಿಂಗ್ ತಡೆದ ಕನ್ನಡ ಚಿತ್ರರಂಗದ ಸಂಸ್ಥೆಗಳಿಗೆ ಸ್ಪರ್ಧಾ ಆಯೋಗ 2015ರಲ್ಲೇ ದಂಡ ಹಾಕಿತು. ಅನ್ಯಭಾಷೆಯ ಚಿತ್ರಕ್ಕೆ ಜನ ದುಡ್ಡು ಕೊಡುತ್ತಾರೆಯೇ ಎನ್ನುವವರಿಗೆ ಜಪಾನೇ ಉತ್ತರ: 1998ರಲ್ಲಿ ಟೋಕಿಯೊದ ಶಿಬುಯಾದ ಸಿನಿಮಾ ರೈಸ್ ಎಂಬ ಒಂದೇ ಚಿತ್ರಮಂದಿರದಲ್ಲಿ ‘ಮುತ್ತು’ 23 ವಾರ ಓಡಿ 1,27,000 ಜನರಿಂದ 20.8 ಕೋಟಿ ಯೆನ್ ಗಳಿಸಿತು. ತಲೆಗೆ 1,600 ಯೆನ್ ಮೇಲೆ ಕೊಟ್ಟು, ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತರ ತಮಿಳನ್ನು ಅವರು ಅಡಿಬರಹ ಓದಿಕೊಂಡು ನೋಡಿದರು.