ನಮ್ಮ ಸೀಮೆಯಲ್ಲೊಂದು ಮೋಟಾರು ಪ್ರವಾಸ

ಪ್ರವಾಸವೆಂದರೆ ಮೈಸೂರು, ಊಟಿ, ಜೋಗಗಳೆಂದೇ ನಮ್ಮ ವಿದ್ಯಾರ್ಥಿಗಳು ತಿಳಿದಿದ್ದಾರೆ. ಪ್ರತಿ ವರ್ಷವೂ ಕಾಲೇಜಿನ ಪ್ರವಾಸದ ಮಾತು ಬಂದಾಗ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ಲೇಖನಕ್ಕೆ ಕಾರಣನಾದವನು ಇಂಗ್ಲೆಂಡಿನಲ್ಲಿ ನೌಕರಿ ಮಾಡಿಕೊಂಡಿರುವ ನನ್ನ ಅಳಿಯ, ನಮ್ಮ ಅಕ್ಕನ ಮಗ. ಅವನು ರಜೆಗೆ ಬಂದಾಗೊಮ್ಮೆ ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಹೆಂಡತಿ ಮಕ್ಕಳೊಡನೆ ಕಾರಿನಲ್ಲಿ ಸುತ್ತಿ ಬಂದುದನ್ನು ವರ್ಣಿಸುತ್ತಿದ್ದ. ಕೊನೆಗೆ, "ಮಾಮಾ, ನಮ್ ಕಡೆ ಹಂಗ ಗಾಡಿ ತಗೊಂಡು ಅಡ್ಡಾಡಾಕ ಏನೈತ್ರಿ?" ಎಂದುಬಿಟ್ಟ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಕ್ಕ ತಲೆಯೆತ್ತಿ, "ನನ್ನ ತವರೂರು ಮಸ್ಕಿ ಐತಲ್ಲೋ" ಎಂದಳು. ಆಕೆಗೆ ಮೊಣಕಾಲು ನೋವು. ಮಸ್ಕಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಹೀಗಾಗಿ ಹೊರಟಿತು ನಮ್ಮ ಸವಾರಿ.

ಆ ಮೊದಲ ಸವಾರಿ ಪೂರ್ತಿ ಕೆಟ್ಟಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದೇ. ಅಳಿಯನ ರಜೆ ಬಂದದ್ದು ಸೆಪ್ಟೆಂಬರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿ ಬೀಳುವ ತಿಂಗಳು ಅದೇ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡೋಣವೆಂದು ನಾನು ಬೆಳಗಿನ ಒಂಬತ್ತಕ್ಕೆ ಹೊರಡಿಸಿದೆ. ಮೊಬೈಲಿನ ನಕ್ಷೆ ಹತ್ತಿರದ ದಾರಿಯೆಂದು ತೋರಿಸಿದ ಬಂಡಿಜಾಡಿನಲ್ಲಿ ಕಾರು ಇಳಿಸಿದೆವು, ಒಂದು ಹದ ಮಳೆ ಬಂತು, ಚಕ್ರಗಳು ಹೂತುಕೊಂಡವು. ಅಕ್ಕ ಮೂರು ಗಂಟೆಯ ಹೊತ್ತು ಕಾರಿನೊಳಗೇ ಕುಳಿತಿದ್ದಳು. ಕಡೆಗೆ ಒಬ್ಬ ರೈತರು ಟ್ರ್ಯಾಕ್ಟರು ತಂದು ಎಳೆದು ಹಾಕಿದರು. ಹಣ ಕೊಡಹೋದರೆ ಮುಟ್ಟಲಿಲ್ಲ. ಕತ್ತಲಾದ ಮೇಲೆ ಮಸ್ಕಿಯ ಬಸ್‌ನಿಲ್ದಾಣದ ಮುಂದೆ ಚಹಾ ಕುಡಿದು ಹಿಂದಿರುಗಿದೆವು. ಮೂರನೆಯ ದಿನ ಅಳಿಯ ವಿಮಾನ ಹತ್ತಿದ. ಅಕ್ಕ ಏನೂ ಅನ್ನಲಿಲ್ಲ; ಅದೇ ನನಗೆ ಹೆಚ್ಚು ಚುಚ್ಚಿತು.

ಮುಂದಿನ ವರ್ಷಕ್ಕೆ ನಾನು ಅಳಿಯನನ್ನೇ ಕೇಳಿದೆ: ಅಲ್ಲಿ ನೀವು ಹೇಗೆ ಯೋಜನೆ ಮಾಡುತ್ತೀರಿ? ಅವನು ಹೇಳಿದ್ದು ಇಷ್ಟು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ ಅನೇಕ ರಸ್ತೆಗಳು ಒಂದೇ ಗಾಡಿಯ ಅಗಲದವು. ಎದುರಿಗೆ ಗಾಡಿ ಬಂದರೆ ನಿಂತು ದಾರಿ ಬಿಡಲೆಂದು ಅಲ್ಲಲ್ಲಿ ರಸ್ತೆಯನ್ನು ಅಗಲ ಮಾಡಿರುತ್ತಾರೆ. ಆದ್ದರಿಂದ ಅಲ್ಲಿ ದೂರವನ್ನು ಮೈಲಿಗಳಲ್ಲಿ ಎಣಿಸುವವನು ಮೋಸಹೋಗುತ್ತಾನೆ, ಗಂಟೆಗಳಲ್ಲಿ ಎಣಿಸಬೇಕು. ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು. ಬೆಳಕನ್ನು ನೋಡಿ ದಿನವನ್ನು ಹಂಚಬೇಕು. ಉಳಿಯುವ ಸ್ಥಳವನ್ನು ಮೊದಲೇ ಗೊತ್ತುಮಾಡಿ, ಅಲ್ಲಿಂದ ಸುತ್ತಲೂ ಹೋಗಿಬರಬೇಕು. ದಿನಕ್ಕೊಂದು ಊರಿಗೆ ಗಂಟುಮೂಟೆ ಹೊರಬಾರದು. ಎಣ್ಣೆ ಅರ್ಧ ಖಾಲಿಯಾಗುತ್ತಲೇ ತುಂಬಿಸಬೇಕು. ಇದಿಷ್ಟೂ ಕೇಳಿದ ಮೇಲೆ, ಬೆಟ್ಟಕ್ಕೆ ಬದಲಾಗಿ ಎರೆಭೂಮಿ, ಮಂಜಿಗೆ ಬದಲಾಗಿ ಬಿಸಿಲು ಎಂದು ಓದಿಕೊಂಡರೆ ನಮ್ಮ ಸೀಮೆಗೂ ಇದೇ ಲೆಕ್ಕವೆಂದು ನನಗೆ ತೋರಿತು.

ಪರವಾನಗಿಯ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ. ಹೊರದೇಶದ ಲೈಸೆನ್ಸು ಇರುವವರು ನಮ್ಮಲ್ಲಿ ಕಾರು ನಡೆಸಬೇಕಾದರೆ 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಪರವಾನಗಿಯನ್ನು ತಮ್ಮ ದೇಶದಿಂದಲೇ ತರಬೇಕು. ಅದು ಒಂದು ವರ್ಷ ನಡೆಯುತ್ತದೆ. ನಮ್ಮವರು ಹೊರಗೆ ಹೋಗುವಾಗ ಆರ್.ಟಿ.ಓ. ಕಚೇರಿಯಲ್ಲಿ ಪಡೆಯುವುದೂ ಅಂಥದೇ. ಇಂಗ್ಲೆಂಡಿನಲ್ಲಿಯೂ ನಮ್ಮಂತೆ ಗಾಡಿ ಎಡಕ್ಕೆ ಓಡುವುದರಿಂದ ಅಳಿಯನಿಗೆ ಆ ತೊಂದರೆ ಇರಲಿಲ್ಲ. ಅವನ ತೊಂದರೆಯೆಲ್ಲ ಬಣ್ಣ ಬಳಿಯದ ಹಂಪುಗಳದು.

ಇನ್ನು ಕಾಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಹೊರಡುವುದು ಮೇಲು. ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಬಂಡೆಗಳ ಮೇಲೆ ಕಾಲಿಡುವಂತಿಲ್ಲ. ಮಳೆಗಾಲದ ವಿಷಯದಲ್ಲಿ ಎರೆಯ ಗುಣವನ್ನು ತಿಳಿದಿರಬೇಕು. ಈ ಮಣ್ಣಿನ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ನೆಲವೇ ಮಳೆಗೆ ಅಂಟಾಗುತ್ತದೆ. ಅದು ಚಕ್ರದ ಗೀರುಗಳಲ್ಲಿ ತುಂಬಿಕೊಂಡಿತೆಂದರೆ ಚಕ್ರ ನುಣ್ಣಗಾಗಿ ನಿಂತಲ್ಲೇ ತಿರುಗುತ್ತದೆ. ಎಕ್ಸಲೇಟರು ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಮಸಾರಿ ನೆಲದಲ್ಲಿ ಈ ಹೆದರಿಕೆ ಇಲ್ಲ. ಆದಕಾರಣ ಡಾಂಬರು ಬಿಟ್ಟು ಇಳಿಯುವ ಮುನ್ನ ನೆಲದ ಬಣ್ಣ ನೋಡಿರಿ; ಕಪ್ಪಾಗಿದ್ದು ಹಿಂದಿನ ದಿನ ಮಳೆಯಾಗಿದ್ದರೆ ನಡೆದೇ ಹೋಗಿರಿ. ಮೊಬೈಲಿನ ನಕ್ಷೆಗೆ ಎರೆ, ಮಸಾರಿ ಎಂಬ ಭೇದವಿಲ್ಲ. ಅದು ಕಾಲುವೆಯ ಏರಿಯನ್ನೂ ರಸ್ತೆಯೆಂದೇ ತಿಳಿಯುತ್ತದೆ. ಹೊಲದಲ್ಲಿರುವವರನ್ನು ಕೇಳುವುದಕ್ಕೆ ನಾಚಬಾರದು.

ನವೆಂಬರ್ ಡಿಸೆಂಬರಿನಲ್ಲಿ ಇನ್ನೊಂದು ಬಗೆಯ ಅಡ್ಡಿಯುಂಟು. ಸಿಂಧನೂರಿನ ಸುತ್ತ ಭತ್ತದ ಕೊಯ್ಲು ನಡೆದಿರುತ್ತದೆ; ಕೊಯ್ಲು ಯಂತ್ರಗಳು ರಸ್ತೆಯ ಮುಕ್ಕಾಲು ಪಾಲನ್ನು ತುಂಬಿಕೊಂಡು ಬರುತ್ತವೆ, ಉಳಿದುದರಲ್ಲಿ ಭತ್ತ ಒಣಹಾಕಿರುತ್ತಾರೆ. ಭತ್ತದ ರಾಶಿಗೆ ಕಾವಲಾಗಿ ಇಟ್ಟ ಕಲ್ಲುಗಳು ರಾತ್ರಿ ಕಾಣುವುದಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸಬಾರದೆಂಬ ನಿಯಮ ಇಲ್ಲಿಂದಲೇ ಹುಟ್ಟಿತು.

ಎರಡನೆಯ ಸಲ ನಾವು ಡಿಸೆಂಬರಿನಲ್ಲಿ ಮೂರು ದಿನ ಇಟ್ಟುಕೊಂಡೆವು. ಸಿಂಧನೂರಿನಿಂದ ಮಸ್ಕಿಗೆ ಸುಮಾರು 30 ಕಿಲೋಮೀಟರು, ಅಲ್ಲಿಂದ ಲಿಂಗಸುಗೂರಿಗೆ ಹೆಚ್ಚುಕಡಿಮೆ ಅಷ್ಟೇ. ಬಳ್ಳಾರಿಯ ಕಡೆಯಿಂದ ಸಿರುಗುಪ್ಪದ ಮೇಲೆ ಬಂದು ಜೇವರ್ಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯೇ ಈ ಮೂರೂ ಊರುಗಳನ್ನು ಪೋಣಿಸುತ್ತದೆ. ಲಿಂಗಸುಗೂರಿನಲ್ಲಿ ಬಿಡಾರ ಮಾಡಿದರೆ ಮುದಗಲ್ಲು, ಹಟ್ಟಿ, ಜಲದುರ್ಗ ಮೂರೂ ಒಂದು ಗಂಟೆಯೊಳಗಿನ ದಾರಿ.

ಸಿಂಧನೂರಿನಲ್ಲಿ ನೋಡಬೇಕಾದದ್ದು ಕಟ್ಟಡವಲ್ಲ, ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಹತ್ತಿಗಳ ಈ ನಾಡು ಭತ್ತದ ನಾಡಾಯಿತು. ನೀರಿನ ಹಿಂದೆಯೇ ಜನ ಬಂದರು. ಆಂಧ್ರದ ರೈತರು ಕಟ್ಟಿಕೊಂಡ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳು ಈಗಲೂ ಕ್ಯಾಂಪೆಂಬ ಹೆಸರಿನಲ್ಲಿಯೇ ಇವೆ. ಬಂಗಾಳಿ ಕ್ಯಾಂಪಿನಲ್ಲಿ ದಸರೆಯ ಹೊತ್ತಿಗೆ ದುರ್ಗಾಪೂಜೆ ನಡೆಯುತ್ತದೆ. ಪರದೇಶದ ಹಳ್ಳಿ ನೋಡಬೇಕೆನ್ನುವವರು ಇಲ್ಲಿ ಒಂದು ಗಂಟೆ ನಿಲ್ಲಲಿ. ಅಳಿಯನ ಮಕ್ಕಳು ಅಲ್ಲಿಯ ಹುಡುಗರೊಡನೆ ಮಾತಿಗೆ ನಿಂತರು; ಇವರ ಇಂಗ್ಲಿಷಿಗಿಂತ ಅವರ ಕನ್ನಡವೇ ಚೆನ್ನಾಗಿತ್ತು.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆಲ್ಲ ಮಸ್ಕಿಯಲ್ಲಿದ್ದೆವು. ಅಶೋಕನ ಶಾಸನವಿರುವ ಬಂಡೆಯವರೆಗೆ ಸ್ವಲ್ಪ ಹತ್ತಬೇಕಾಗುವುದರಿಂದ ಬಿಸಿಲಿಗೆ ಮುಂಚೆ ಹೋಗುವುದು ಅವಶ್ಯ. ಈ ಶಾಸನದ ಮಹತ್ವವನ್ನು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳತಕ್ಕದ್ದಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲೆಲ್ಲ ಕಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಸಿಂಹಳದ ಗ್ರಂಥಗಳ ಆಧಾರದಿಂದ ಇವನೇ ಅಶೋಕನೆಂದು ವಿದ್ವಾಂಸರು ಊಹಿಸಿದರು. ಆದರೆ ಕಲ್ಲಿನ ಸಾಕ್ಷಿ ಬೇಕಾಗಿತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯಲ್ಲಿ ಈ ಬಂಡೆಯನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದಾಗ ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರೇ ಅದರಲ್ಲಿತ್ತು! ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲು ದೊರೆತದ್ದು ಮಸ್ಕಿಯಲ್ಲಿ. 1954ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ಉತ್ಖನನ ನಡೆಸಿ, ತಾಮ್ರಶಿಲಾಯುಗದಿಂದ ಮುಂದಕ್ಕೆ ಜನವಸತಿಯ ಪದರಗಳನ್ನು ತೋರಿಸಿಕೊಟ್ಟರು.

ಅಕ್ಕ ಮೂರು ಕಡೆ ಕುಳಿತು ಹತ್ತಿದಳು. ಬಂಡೆಯನ್ನು ನೋಡಿ, "ಇದಾ? ಸಣ್ಣಾಕಿ ಇದ್ದಾಗ ಆಡು ಹೊಡ್ಕೊಂಡು ಇಲ್ಲೇ ಬರ್ತಿದ್ದೆ, ನೆಳ್ಳಿಗೆ ಕುಂದರ್ತಿದ್ದೆ" ಎಂದಳು. ಏನು ಬರೆದಿದೆಯೆಂದು ಕೇಳಿದಳು. ಧರ್ಮದಿಂದ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಮೇಲಿನ ಗತಿ ಸಿಕ್ಕುತ್ತದೆಂದು ಅರಸ ಬರೆಸಿದ್ದಾನೆ ಎಂದೆ. "ಯಾರೂ ಹೇಳಿರಲಿಲ್ಲ ನೋಡು" ಎಂದು ಬಹಳ ಹೊತ್ತು ಅಲ್ಲಿಯೇ ಕುಳಿತಳು. ಬೆಟ್ಟದ ಮೇಲಿನ ಮಲ್ಲಿಕಾರ್ಜುನನಿಗೆ ಕೆಳಗಿನಿಂದಲೇ ಕೈಮುಗಿದೆವು. ನನ್ನ ಚೀಟಿಯಲ್ಲಿ ಮಸ್ಕಿಗೆ ಒಂದು ಗಂಟೆಯೆಂದಿತ್ತು. ನಾಲ್ಕು ಗಂಟೆ ಹಿಡಿಯಿತು. ಯೋಜನೆ ಮಾಡುವವರು ದಿನದ ಮೂರರಲ್ಲೊಂದು ಪಾಲನ್ನು ಏನೂ ಬರೆಯದೆ ಬಿಡಬೇಕೆಂದು ನಾನು ಕಲಿತದ್ದು ಅಂದೇ.

ಊಟದ ಚಿಂತೆ ಬೇಡ. ಮಸ್ಕಿಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ. ಲಿಂಗಸುಗೂರಿನ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕುಡಿಯುವ ನೀರನ್ನು ಮಾತ್ರ ಕ್ಯಾನಿನಲ್ಲಿ ಒಯ್ಯಿರಿ. ಪೆಟ್ರೋಲನ್ನು ಪಟ್ಟಣದಲ್ಲಿಯೇ ತುಂಬಿಸಿ, ಸ್ಟೆಪ್ನಿಯಲ್ಲಿ ಗಾಳಿಯಿದೆಯೇ, ಜಾಕಿ ಇದೆಯೇ ನೋಡಿಕೊಳ್ಳಿರಿ.

ಮೂರನೆಯ ದಿನ ಮುದಗಲ್ಲು. ಕಂದಕವೂ ಎರಡು ಸುತ್ತಿನ ಗೋಡೆಗಳೂ ಉಳ್ಳ ಈ ಕೋಟೆಗಾಗಿ ಬಹಮನಿಯವರೂ ವಿಜಯನಗರದವರೂ ಪದೇ ಪದೇ ಕಾದಾಡಿದರು. ಇಲ್ಲಿಯ ಅಕ್ಕಸಾಲಿಗನ ಮಗಳ ಚೆಲುವಿಗಾಗಿ 1406ರಲ್ಲಿ ದೇವರಾಯನಿಗೂ ಫಿರೋಜ್ ಷಹನಿಗೂ ಯುದ್ಧವಾಯಿತೆಂದು ಫೆರಿಷ್ತಾ ಬರೆದಿದ್ದಾನೆ. ಎರಡು ನದಿಗಳ ನಡುವಿನ ಫಲವತ್ತಾದ ನೆಲಕ್ಕಿಂತ ಹುಡುಗಿಯ ಕಥೆ ಇತಿಹಾಸಕಾರನಿಗೆ ರುಚಿಸಿರಬೇಕು. ಮುದಗಲ್ಲಿನ ಮೊಹರಂ ಪ್ರಸಿದ್ಧವಾದದ್ದು. ಚಾಂದ್ರಮಾನದ ಹಬ್ಬವಾದುದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ದಿನಗಳಲ್ಲಿ ಜನಸಂದಣಿಯಿಂದ ಕಾರು ಊರೊಳಗೆ ಹೋಗುವುದು ಕಷ್ಟ, ಜನರನ್ನು ನೋಡಲು ಮಾತ್ರ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಹತ್ತಿರದ ಪಿಕ್ಲಿಹಾಳದಲ್ಲಿ ನವಶಿಲಾಯುಗದ ಜನ ಬಂಡೆಗಳ ಮೇಲೆ ದನಗಳ ಚಿತ್ರ ಬಿಡಿಸಿದ್ದಾರೆ. ಅಲ್ಲಿ ಅಗೆದ ಆಲ್ಚಿನ್ನರ ವರದಿ 1960ರಲ್ಲಿ ಬಂತು.

ಹಟ್ಟಿಯ ಚಿನ್ನದ ಗಣಿ, ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೂ ನಡೆದಿದೆ. ಒಳಗೆ ಬಿಡಬೇಕಾದರೆ ಮುಂಚೆಯೇ ಅನುಮತಿ ಪಡೆಯಬೇಕು. ನಾವು ಪಡೆದಿರಲಿಲ್ಲ, ಹೊರಗಿನಿಂದ ನೋಡಿ ಬಂದೆವು.

ಕೃಷ್ಣೆಯ ನಡುಗಡ್ಡೆಯಲ್ಲಿರುವ ಜಲದುರ್ಗಕ್ಕೆ ಹೋಗುವವರು ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು. ಮಳೆಗಾಲದಲ್ಲಿ ಹೊಳೆ ಏರಿದರೆ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಆಚೆಯ ಊರುಗಳಿಗೆ ದಾರಿಯೇ ಇಲ್ಲವಾಗುತ್ತದೆ. ನಾವು ಹೋದಾಗ ಹೊಳೆ ಇಳಿದಿತ್ತು. ಮಕ್ಕಳು ನೀರಿಗಿಳಿದರು. ಅಳಿಯ ಗಡಿಯಾರ ನೋಡಿ, ಕತ್ತಲಾಗುವುದರೊಳಗೆ ಲಿಂಗಸುಗೂರು ಮುಟ್ಟಬೇಕೆಂದು ಅವಸರಪಡಿಸಿದ. ಅಕ್ಕ ಕಾರಿನಲ್ಲಿ ಕುಳಿತು, ನಾಳೆ ಹೊರಡುವ ಮುಂಚೆ ಮಸ್ಕಿಯ ಮೇಲೆಯೇ ಹೋಗೋಣವೇ ಎಂದು ಕೇಳಿದಳು. ಸಿಂಧನೂರಿಗೆ ಬೇರೆ ದಾರಿ ಹಿಡಿಯುವುದು ನಮ್ಮ ಚೀಟಿಯಲ್ಲಿ ಇರಲೇ ಇಲ್ಲ.