ಸೋಡಚೀಟಿಯಿಂದ ಡಿಕ್ರಿಯವರೆಗೆ: ವಿಜಯಪುರ ಸೀಮೆಯ ವಿಚ್ಛೇದನ ದಾಖಲೆಗಳು

ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಗಂಡಹೆಂಡಿರ ಸಂಬಂಧ ಕಡಿದುದನ್ನು ಸೂಚಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಮಾತು ‘ಸೋಡಚೀಟಿ’. ಬಿಡು ಎಂಬ ಅರ್ಥದ ಮರಾಠಿ ಧಾತುವಿನಿಂದ ಬಂದ ಈ ಪದ, ಪೇಶ್ವೆಯರ ಆಳಿಕೆಗೂ ಅನಂತರ ಮುಂಬಯಿ ಪ್ರಾಂತಕ್ಕೂ ಒಳಪಟ್ಟಿದ್ದ ನಾಡಿನ ಚರಿತ್ರೆಯನ್ನು ತನ್ನೊಳಗೆ ಇರಿಸಿಕೊಂಡಿದೆ. ದೈವದವರು ಕುಳಿತು ಎರಡೂ ಕಡೆಯ ಮಾತು ಕೇಳಿ, ಕೊಟ್ಟ ಒಡವೆ ವಸ್ತ್ರಗಳ ಲೆಕ್ಕ ಮುಗಿಸಿ, ಗಂಡನಾದವನಿಂದ ಬರೆಯಿಸಿ ಕೊಡುವ ಬಿಡುಗಡೆಯ ಪತ್ರವೇ ಸೋಡಚೀಟಿ. ಅದನ್ನು ಪಡೆದ ಹೆಣ್ಣುಮಗಳು ‘ಉಡಕಿ’ಯ ಮೂಲಕ ಬೇರೊಬ್ಬನ ಮನೆ ಸೇರಬಹುದಾಗಿತ್ತು. ಅಂದರೆ ಈ ಸೀಮೆಯಲ್ಲಿ ವಿಚ್ಛೇದನಕ್ಕೆ ಲಿಖಿತ ದಾಖಲೆ ಬೇಕೆಂಬ ತಿಳಿವಳಿಕೆ ನ್ಯಾಯಾಲಯಗಳು ಹುಟ್ಟಿಸಿದ್ದಲ್ಲ. ದಾಖಲೆ ಮೊದಲೇ ಇತ್ತು. ಅದನ್ನು ಕಾಪಿಡುವ ಕಚೇರಿ ಮಾತ್ರ ಇರಲಿಲ್ಲ. ಪತ್ರ ಹೆಣ್ಣಿನ ಪೆಟ್ಟಿಗೆಯಲ್ಲಿ ಉಳಿದರೆ ಉಂಟು, ಗೆದ್ದಲು ತಿಂದರೆ ಇಲ್ಲ.

ಇಂತಹ ಕಟ್ಟಳೆಗಳನ್ನು ಬ್ರಿಟಿಷ್ ಆಡಳಿತ ಬೇಗನೆ ಗಮನಿಸಿತು. ಮುಂಬಯಿ ಸರ್ಕಾರದ ಆದೇಶದಂತೆ ಆರ್ಥರ್ ಸ್ಟೀಲ್ ದಖ್ಖನ್ ಪ್ರದೇಶದ ಜಾತಿಗಳ ಪದ್ಧತಿಗಳನ್ನು ವಿಚಾರಿಸಿ ಸಿದ್ಧಪಡಿಸಿದ ಗ್ರಂಥ 1827ರಲ್ಲಿ ಹೊರಬಂದಿತು. 1884ರಲ್ಲಿ ಪ್ರಕಟವಾದ ವಿಜಾಪುರ ಜಿಲ್ಲೆಯ ಗೆಜೆಟಿಯರು ಪ್ರತಿ ಸಮುದಾಯದ ವಿವರ ಕೊಡುವಾಗ ಅಲ್ಲಿ ವಿಧವಾವಿವಾಹ, ವಿಚ್ಛೇದನಗಳಿಗೆ ಅವಕಾಶವಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತ ಹೋಗುತ್ತದೆ. ಆದರೆ ರೂಢಿಯನ್ನು ಬರೆದುಕೊಳ್ಳುವುದು ಬೇರೆ, ಅದಕ್ಕೆ ಕಾನೂನಿನ ಬಲ ಕೊಡುವುದು ಬೇರೆ. ಗಂಡನ ಸಮ್ಮತಿಯಿಲ್ಲದೆ ಮದುವೆಯನ್ನು ಮುರಿದು ಹೆಂಡತಿಗೆ ಮರುಮದುವೆಯ ಅಪ್ಪಣೆ ಕೊಡುವ ಅಧಿಕಾರ ಜಾತಿ ಪಂಚಾಯತಿಗೆ ಇದೆಯೆಂಬುದನ್ನು ಮುಂಬಯಿ ಹೈಕೋರ್ಟು 1876ರಲ್ಲಿಯೇ ಒಪ್ಪಲಿಲ್ಲ. ದೈವದ ಮಾತನ್ನು ನಂಬಿ ಉಡಕಿಯಾದವರು ಕ್ರಿಮಿನಲ್ ಆಪಾದನೆಗೆ ಗುರಿಯಾಗುವ ಸಂಕಟ ಅಲ್ಲಿಂದ ಮೊದಲಾಯಿತೆನ್ನಬಹುದು.

ಹಿಂದೂಗಳಿಗೆ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯುವ ದಾರಿ ಈ ಜಿಲ್ಲೆಯಲ್ಲಿ ದೇಶದ ಹಲವು ಭಾಗಗಳಿಗಿಂತ ಮೊದಲೇ ತೆರೆಯಿತು. 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ವಿಜಾಪುರಕ್ಕೂ ಅನ್ವಯಿಸುತ್ತಿತ್ತು. 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದಾಗ ಮುಂಬಯಿಯ ಕಾಯ್ದೆ ರದ್ದಾಯಿತು. ಆದುದರಿಂದ 1947ರಿಂದ 1955ರವರೆಗಿನ ಕಡತಗಳನ್ನು ಅರಸುವವರು ಹಿಂದೂ ವಿವಾಹ ಕಾಯ್ದೆಯ ಶೀರ್ಷಿಕೆಯಡಿ ಹುಡುಕಿ ಬರಿಗೈಯಲ್ಲಿ ಮರಳಬಾರದು. ಅಂದಿನ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ಹೈಕೋರ್ಟಿಗೆ ತಿರುಗಿದವು. 2008ರಿಂದ ಜಿಲ್ಲೆಯ ಮೇಲ್ಮನವಿಗಳಿಗೆ ಕಲಬುರಗಿಯ ಹೈಕೋರ್ಟ್ ಪೀಠವೇ ನೆಲೆ.

1955ರ ಕಾಯ್ದೆಯು ಸೋಡಚೀಟಿಯನ್ನು ಪೂರ್ತಿಯಾಗಿ ಅಳಿಸಲಿಲ್ಲ. ರೂಢಿಯಿಂದ ದೊರೆತಿರುವ ವಿಚ್ಛೇದನದ ಹಕ್ಕಿಗೆ ಬಾಧೆಯಿಲ್ಲವೆಂದು ಅದರ 29(2)ನೆಯ ಕಲಮು ಹೇಳುತ್ತದೆ. ಈ ಒಂದು ಸಾಲನ್ನು ನೆಚ್ಚಿಕೊಂಡೇ ಇಂದಿಗೂ ‘ಬಾಂಡ್ ಪೇಪರ್’ ಮೇಲೆ ಬಿಡುಗಡೆ ಬರೆದುಕೊಳ್ಳುವವರಿದ್ದಾರೆ. 1899ರ ಮುದ್ರಾಂಕ ಕಾಯ್ದೆಯ ಅನುಸೂಚಿಯಲ್ಲಿ ವಿಚ್ಛೇದನ ಪತ್ರಕ್ಕೂ ಶುಲ್ಕ ನಿಗದಿಯಾಗಿರುವುದರಿಂದ ಛಾಪಾ ಕಾಗದದಲ್ಲಿ ಬರೆದುದೆಲ್ಲ ಸಿಂಧುವೆಂಬ ಭಾವನೆ ಬೆಳೆದಿರಲೂ ಸಾಕು. ಶುಲ್ಕ ಕೊಟ್ಟುದಕ್ಕೆ ಕಾಗದ ಸಾಕ್ಷಿಯೇ ಹೊರತು ಮದುವೆ ಮುರಿದುದಕ್ಕಲ್ಲ. ನೋಟರಿಯ ಮುದ್ರೆಯ ಮಾತೂ ಇಷ್ಟೇ. ಸಹಿ ಮಾಡಿದವರು ಇಂಥವರು ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳಲಾರದು. ರೂಢಿಗತ ವಿಚ್ಛೇದನ ಸಾಮಾನ್ಯ ಕಾನೂನಿಗೆ ಅಪವಾದವಾದುದರಿಂದ ಅಂತಹ ರೂಢಿ ತಮ್ಮ ಸಮುದಾಯದಲ್ಲಿ ಉಂಟೆಂಬುದನ್ನು ಪಕ್ಷಕಾರರು ಸ್ಪಷ್ಟವಾಗಿ ಹೇಳಿ ರುಜುವಾತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರ ತೀರ್ಪೊಂದರಲ್ಲಿ ತಿಳಿಸಿದೆ.

ಇದರ ಪೆಟ್ಟು ಬೀಳುವುದು ಬಹುಮಟ್ಟಿಗೆ ಹೆಣ್ಣಿನ ಮೇಲೆ. ಬಾಂಡ್ ಪೇಪರ್ ನಂಬಿ ಮರುಮದುವೆಯಾದವಳ ಎರಡನೆಯ ಸಂಬಂಧ ಶೂನ್ಯವೆಂದು ತೀರ್ಮಾನವಾಗಬಹುದು. ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನ ದ್ವಿವಿವಾಹದ ಆಪಾದನೆಯೂ ಬರಬಹುದು. ಎರಡನೆಯ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಮೊದಲನೆಯ ಮದುವೆ ಮುಗಿದುದಕ್ಕೆ ಡಿಕ್ರಿ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. 2013ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನಸ್ವಿನಿ ಯೋಜನೆ ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಮಾಸಾಶನ ಕೊಡುತ್ತದೆ. ಅಲ್ಲಿಯೂ ವಿಚ್ಛೇದಿತೆಯೆಂಬುದು ಬಾಯಿಮಾತಿನಿಂದ ತೀರುವುದಿಲ್ಲ. ಬಿಟ್ಟವನಿಗೆ ಈ ಕಾಗದದ ಗೊಡವೆ ಅಪರೂಪ.

ಮುಸ್ಲಿಂ ಸಮುದಾಯದ ದಾಖಲೆಗಳ ಜಾಡು ಬೇರೆ. ಆದಿಲಶಾಹಿಗಳ ಕಾಲದಿಂದ ಖಾಜಿಗಳನ್ನು ಕಂಡ ನಗರವಿದು. ಆದರೆ 1880ರ ಖಾಜಿ ಕಾಯ್ದೆ ಖಾಜಿಗೆ ನ್ಯಾಯಾಧಿಕಾರವನ್ನು ಕೊಡಲಿಲ್ಲ. ತಲಾಖ್, ಖುಲಾಗಳ ಪತ್ರಗಳು ಸಾಮಾನ್ಯವಾಗಿ ಕುಟುಂಬದ ವಶದಲ್ಲಿಯೋ ಖಾಜಿಯವರ ದಫ್ತರಿನಲ್ಲಿಯೋ ಇರುತ್ತವೆ. 1939ರ ಕಾಯ್ದೆಯಡಿ ಹೆಂಡತಿ ಹೂಡಿದ ದಾವೆಗಳು ಮಾತ್ರ ನ್ಯಾಯಾಲಯದ ಕಡತದಲ್ಲಿ ಸಿಗುತ್ತವೆ. ಒಂದೇ ಬಾರಿಗೆ ಮೂರು ಸಲ ಹೇಳುವ ತಲಾಖನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಸಿಂಧುಗೊಳಿಸಿತು; 2019ರ ಕಾಯ್ದೆ ಅದನ್ನು ಅಪರಾಧವಾಗಿಸಿತು. ತನ್ನ ವೈವಾಹಿಕ ಸ್ಥಿತಿ ಇಂಥದೆಂದು ಘೋಷಿಸಬೇಕೆಂದು ಕೌಟುಂಬಿಕ ನ್ಯಾಯಾಲಯವನ್ನು ಕೇಳಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಎಲ್ಲ ಧರ್ಮೀಯರಿಗೂ ಅವಕಾಶವಿದೆ. ಪತ್ರವೊಂದೇ ಕೈಯಲ್ಲಿರುವವರಿಗೆ ಇದು ಉಪಯುಕ್ತ ದಾರಿ. ರೂಢಿಗತ ವಿಚ್ಛೇದನವನ್ನು ನೆಚ್ಚಿರುವ ಹಿಂದೂಗಳಿಗೂ ಈ ಮಾತು ಸಲ್ಲುತ್ತದೆ.

ಇನ್ನು ಅರ್ಜಿ ಸಲ್ಲಿಸುವ ಕ್ರಮ. ತಿಕೋಟಾ ಪಶ್ಚಿಮಕ್ಕೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಅಂಟಿಕೊಂಡಿದೆ. ಗಡಿಯ ಎರಡೂ ಬದಿಗೆ ಕನ್ನಡವನ್ನಾಡುವ ಬಂಧುಬಳಗ, ಕೊಟ್ಟು ತರುವ ಸಂಬಂಧ. ತಿಕೋಟಾದ ಮಗಳನ್ನು ಜತ್ತ ಸೀಮೆಗೆ ಕೊಟ್ಟು, ಮದುವೆಯೂ ಅಲ್ಲಿಯೇ ಆಗಿ, ಕೊನೆಯ ಸಂಸಾರವೂ ಅಲ್ಲಿಯೇ ಕಳೆದಿದ್ದರೆ ಹಿಂದೆ ಆಕೆ ಗಡಿಯಾಚೆಯ ನ್ಯಾಯಾಲಯಕ್ಕೇ ಅಲೆಯಬೇಕಾಗುತ್ತಿತ್ತು. 2003ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯ 19ನೆಯ ಕಲಮಿಗೆ ಒಂದು ಉಪಬಂಧ ಸೇರಿಸಿತು: ಅರ್ಜಿದಾರಳು ಹೆಂಡತಿಯಾಗಿದ್ದರೆ ತಾನು ವಾಸವಾಗಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ತವರಿನಲ್ಲಿ ಬಂದು ಕುಳಿತ ಹೆಣ್ಣುಮಗಳಿಗೆ ವಿಜಯಪುರದ ನ್ಯಾಯಾಲಯ ದೊರೆತದ್ದು ಇದರಿಂದ. ಗಂಡನಿಗೆ ಈ ಅನುಕೂಲವಿಲ್ಲ.

ಅರ್ಜಿಯಲ್ಲಿ ಮದುವೆಯ ದಿನ, ಸ್ಥಳ, ಇಬ್ಬರ ಆಗಿನ ಮತ್ತು ಈಗಿನ ವಿಳಾಸ, ಮಕ್ಕಳ ವಿವರ, ಹಿಂದೆ ನಡೆದ ವ್ಯಾಜ್ಯಗಳು, ವಿಚ್ಛೇದನ ಕೇಳುವ ಕಾರಣ ಇವು ಸತ್ಯಾಪನೆಯೊಡನೆ ಇರಬೇಕು. ಮದುವೆಯ ನೋಂದಣಿ ಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲಗ್ನಪತ್ರಿಕೆ, ಭಾವಚಿತ್ರ, ಅಕ್ಷತೆಗೆ ಬಂದವರ ಸಾಕ್ಷ್ಯ ನಡೆಯುತ್ತದೆ. ವಿಶೇಷ ಸಂದರ್ಭಗಳ ಹೊರತು ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಅರ್ಜಿ ನಿಲ್ಲುವುದಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಿಂದ ಬಂದದ್ದು. ಇಬ್ಬರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ಬಳಿಕ ಆರು ತಿಂಗಳು ಕಾಯಬೇಕು. ತಕ್ಕ ಸಂದರ್ಭಗಳಲ್ಲಿ ಈ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ದೈವದ ಮುಂದೆ ಬಾಂಡ್ ಬರೆಯುವ ದಂಪತಿಗಳಲ್ಲಿ ಅನೇಕರು ಇದೇ ಒಪ್ಪಿಗೆಯನ್ನು ನ್ಯಾಯಾಲಯದ ಮುಂದೆ ಹೇಳಿದ್ದರೆ ಡಿಕ್ರಿಯನ್ನೇ ಪಡೆಯಬಹುದಾಗಿತ್ತು ಎಂಬುದು ಖೇದದ ಸಂಗತಿ. ವಕೀಲರ ಶುಲ್ಕದ ಭಯ ಇದಕ್ಕೆ ಒಂದು ಕಾರಣವಾದರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ವಿಧಿಸಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸಾದಾ ಅರ್ಜಿ ಬರೆದರೆ ಸಾಕು.

ಹಳೆಯ ದಾಖಲೆಯನ್ನು ಹುಡುಕುವ ಕೆಲಸ ಅರ್ಜಿ ಹಾಕುವುದಕ್ಕಿಂತ ತೊಡಕಿನದು. ವೈವಾಹಿಕ ಪ್ರಕರಣಗಳಿಗೆ ಕರ್ನಾಟಕದ ನ್ಯಾಯಾಲಯಗಳಲ್ಲಿ ‘ಎಂ.ಸಿ.’ ಎಂಬ ಅಕ್ಷರಗಳೊಡನೆ ಸಂಖ್ಯೆ ಮತ್ತು ವರ್ಷ ಕೊಡುತ್ತಾರೆ. ಈ ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಿಲ್ಲದಿದ್ದರೆ ವರ್ಷವಾರು ರಿಜಿಸ್ಟರಿನಲ್ಲಿ ಪಕ್ಷಕಾರರ ಹೆಸರು ಹಿಡಿದು ಹುಡುಕಬೇಕು. ಇಲ್ಲಿ ಮೂರು ಕಡೆ ದಾರಿ ತಪ್ಪುವ ಸಂಭವವಿದೆ. ಮೊದಲನೆಯದು ವರ್ಷ: ರಿಜಿಸ್ಟರಿನ ವರ್ಷ ಅರ್ಜಿ ದಾಖಲಾದ ವರ್ಷವೇ ಹೊರತು ಡಿಕ್ರಿಯಾದ ವರ್ಷವಲ್ಲ, ಕುಟುಂಬದವರ ನೆನಪಿನಲ್ಲಿ ಉಳಿಯುವುದು ಎರಡನೆಯದು. ಎರಡನೆಯದು ಊರು: ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾದದ್ದು ಇತ್ತೀಚೆಗೆ. ಅದಕ್ಕೆ ಮೊದಲು ಅವು ವಿಜಾಪುರ ತಾಲ್ಲೂಕಿನ ಹೋಬಳಿಗಳಾಗಿದ್ದವು. ನಗರಕ್ಕೂ ವಿಜಯಪುರವೆಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಹಳೆಯ ಕಡತದ ವಿಳಾಸ ‘ತಾ. ಜಿ. ವಿಜಾಪುರ’ ಎಂದೇ ಇರುತ್ತದೆ. ಇಂದಿನ ತಾಲ್ಲೂಕಿನ ಹೆಸರು ಹಿಡಿದರೆ ಇದು ದೊರೆಯದು.

ಮೂರನೆಯದು ಕಾನೂನಿನ ಇತಿಹಾಸಕ್ಕೆ ಸೇರಿದ್ದು. ಸಂಶೋಧಕರೂ ಇಲ್ಲಿ ಎಡವುವುದುಂಟು. 1976ರ ತಿದ್ದುಪಡಿಗೆ ಮುನ್ನ ಕ್ರೌರ್ಯ ಮತ್ತು ಪರಿತ್ಯಾಗಗಳು ನೇರವಾಗಿ ವಿಚ್ಛೇದನಕ್ಕೆ ಆಧಾರವಾಗಿರಲಿಲ್ಲ. ಅವುಗಳಿಂದ ದೊರೆಯುತ್ತಿದ್ದುದು ನ್ಯಾಯಿಕ ಪ್ರತ್ಯೇಕವಾಸ ಮಾತ್ರ. ಆ ಡಿಕ್ರಿಯಾಗಿ ಎರಡು ವರ್ಷ ಮತ್ತೆ ಕೂಡಿ ಬಾಳದಿದ್ದರೆ ಬಳಿಕ ಇನ್ನೊಂದು ಅರ್ಜಿ, ಇನ್ನೊಂದು ಸಂಖ್ಯೆ. ಹೀಗೆ ಒಂದೇ ದಾಂಪತ್ಯಕ್ಕೆ ಎರಡು ಕಡತಗಳು ಹುಟ್ಟುತ್ತಿದ್ದವು. ಮೊದಲ ಕಡತ ಸಿಕ್ಕಿತೆಂದು ನಿಂತವರ ಕೈಗೆ ಬರುವುದು ಪ್ರತ್ಯೇಕವಾಸದ ಡಿಕ್ರಿ. ಅದರಿಂದ ಮದುವೆ ಮುರಿಯುವುದಿಲ್ಲ. ಕೈಯಲ್ಲಿರುವ ಪ್ರತಿಯ ಕಾರ್ಯಭಾಗವನ್ನು, ಅಂದರೆ ವಿವಾಹವನ್ನು ವಿಸರ್ಜಿಸಲಾಗಿದೆಯೇ ಎಂಬುದನ್ನು, ಓದಿ ನೋಡುವುದು ಅವಶ್ಯ.

ಕಡತವಿರುವ ಕಚೇರಿಯೂ ಒಂದೇ ಅಲ್ಲ. ಕೌಟುಂಬಿಕ ನ್ಯಾಯಾಲಯ ಸ್ಥಾಪನೆಯಾದಾಗ ಬಾಕಿಯಿದ್ದ ಪ್ರಕರಣಗಳು ಅಲ್ಲಿಗೆ ವರ್ಗವಾದವು. ಅದಕ್ಕೆ ಮೊದಲೇ ತೀರ್ಮಾನವಾದವನ್ನು ಹಿರಿಯ ಸಿವಿಲ್ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ವಿಚಾರಿಸಬೇಕು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದುದನ್ನೂ ನೆನಪಿಡುವುದು ಒಳ್ಳೆಯದು. ಎಲ್ಲ ಕಾಗದಗಳೂ ಎಂದೆಂದಿಗೂ ಉಳಿಯುವುದಿಲ್ಲ: 1917ರ ಕಾಯ್ದೆಯಂತೆ ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು ಹಳೆಯವನ್ನು ನಾಶಪಡಿಸಬಹುದು. ತೀರ್ಪು, ಡಿಕ್ರಿಗಳು ಉಳಿದ ಕಾಗದಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಇತ್ತೀಚಿನ ಪ್ರಕರಣಗಳಿಗೆ ಹದಿನಾರು ಅಂಕಾಕ್ಷರಗಳ ಸಿ.ಎನ್.ಆರ್. ಸಂಖ್ಯೆ ಇರುವುದರಿಂದ ಹುಡುಕಾಟ ಹಗುರವಾಗಿದೆ.

ಕಡತ ಗುರುತಾದ ಮೇಲೆ ನಕಲು ವಿಭಾಗಕ್ಕೆ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬೇಕು. ಡಿಕ್ರಿಯಾದಾಗ ಪ್ರತಿಯೊಬ್ಬ ಪಕ್ಷಕಾರರಿಗೂ ಒಂದು ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಹಿಂದೂ ವಿವಾಹ ಕಾಯ್ದೆಯ 23(4)ನೆಯ ಕಲಮು ಹೇಳುತ್ತದೆ. ಅದನ್ನು ಅಂದೇ ಪಡೆದು ಇಟ್ಟುಕೊಂಡವರಿಗೆ ಮೇಲಿನ ಪಾಡು ಬಾರದು. ಪ್ರತಿಯಲ್ಲಿ ನಮೂದಿಸುವ ಅರ್ಜಿಯ ದಿನಾಂಕ, ಪ್ರತಿ ಸಿದ್ಧವಾದ ದಿನಾಂಕಗಳನ್ನು ಕಡೆಗಣಿಸಬಾರದು. ಮೇಲ್ಮನವಿಯ ಅವಧಿ ಎಣಿಸುವಾಗ ಪ್ರತಿ ಪಡೆಯಲು ತಗಲಿದ ದಿನಗಳನ್ನು ಕಳೆಯಲಾಗುತ್ತದೆ, ಆ ಅವಧಿ ಮುಗಿಯುವವರೆಗೆ ಮರುಮದುವೆಗೆ ಅವಕಾಶವಿಲ್ಲ.

ಪಕ್ಷಕಾರರಲ್ಲದವರಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ವೈವಾಹಿಕ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕೆಂದು 22ನೆಯ ಕಲಮು 1976ರಿಂದ ಕಡ್ಡಾಯಗೊಳಿಸಿದೆ; ಅದಕ್ಕೆ ಮೊದಲು ಪಕ್ಷಕಾರರೊಬ್ಬರು ಬಯಸಿದರೆ ಅಥವಾ ನ್ಯಾಯಾಲಯಕ್ಕೆ ತೋರಿದರೆ ಮಾತ್ರ ಹಾಗೆ ನಡೆಯುತ್ತಿತ್ತು. ಪ್ರಕರಣದ ವಿವರ ಅಚ್ಚು ಹಾಕುವುದಕ್ಕೂ ನಿಷೇಧವಿದೆ. ಅನುಮತಿಯೊಡನೆ ಪ್ರಕಟಿಸಬಹುದಾದದ್ದು ಹೈಕೋರ್ಟು, ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳನ್ನು ಮಾತ್ರ. ಆದುದರಿಂದ ಈ ಸೀಮೆಯ ದಾಂಪತ್ಯದ ಚರಿತ್ರೆ ಬರೆಯುವವರಿಗೆ ಅಚ್ಚಿನಲ್ಲಿ ಸಿಗುವುದು ಮೇಲ್ಮನವಿ ಹೋಗುವಷ್ಟು ಶಕ್ತಿಯಿದ್ದವರ ಕಥೆ. ತಿಕೋಟಾದ ದ್ರಾಕ್ಷಿತೋಟದ ಕೂಲಿಯವಳ ಅರ್ಜಿ, ಬಬಲೇಶ್ವರದಿಂದ ಬಸ್ಸು ಹಿಡಿದು ವಾಯಿದೆಗೆ ಬಂದುಹೋಗುವವಳ ಹೇಳಿಕೆ ಕಡತದಲ್ಲಿಯೇ ಉಳಿಯುತ್ತವೆ. ಅಂತಹ ಕಡತ ನೋಡಬಯಸುವ ಅಧ್ಯಯನಕಾರರು ಕಾರಣ ವಿವರಿಸಿ ನ್ಯಾಯಾಧೀಶರ ಅನುಮತಿ ಪಡೆಯಬೇಕು, ಹೆಸರುಗಳನ್ನು ಬಯಲುಗೊಳಿಸಬಾರದು. ಮನೆಗಳ ಪೆಟ್ಟಿಗೆಗಳಲ್ಲಿರುವ ಸೋಡಚೀಟಿಗಳಿಗೆ ಇಂತಹ ಕಟ್ಟಳೆಯೇನೂ ಇಲ್ಲ. ಮನೆಯವರ ವಿಶ್ವಾಸ ಗಳಿಸಿದವರಿಗೆ ಅವು ಓದಲು ದೊರೆಯುತ್ತವೆ. ಹಳೆಯವು ಮೋಡಿ ಲಿಪಿಯಲ್ಲಿದ್ದರೆ ಅದನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕಾಗುತ್ತದೆ.