ಮನೆಯೊಳಗೆ ಬರುವ ಹೂವಿನ ಹುಡಿ



ಹೊಲದ ಬದು, ರಸ್ತೆಯ ಅಂಚು, ಹಿತ್ತಲು, ಎಲ್ಲೆಲ್ಲೂ ಬಿಳಿಯ ಸಣ್ಣ ಹೂ ಬಿಟ್ಟು ನಿಂತಿರುವ ಕಾಂಗ್ರೆಸ್ ಗಿಡ ತಮಗೆಲ್ಲ ಗೊತ್ತು. ಇದು ಅಮೆರಿಕ ಖಂಡದ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಬಳಿಕ ನಮ್ಮ ನಾಡಿಗೂ ಹಬ್ಬಿತು. ಬೆಳೆಗೆ ಇದರಿಂದಾಗುವ ಕೇಡನ್ನು ತಾವು ಬಲ್ಲಿರಿ. ಮನೆಯೊಳಗಿನ ಗಾಳಿಗೆ ಆಗುವ ಕೇಡನ್ನು ಮಾತ್ರ ಬಹಳ ಮಂದಿ ಗಮನಿಸಿಲ್ಲ.

ಕಳೆದ ಮಳೆಗಾಲದಲ್ಲಿ ನಾನು ಹೋಗಿದ್ದ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗನಿಗೆ ರಾತ್ರಿಯಾದರೆ ಸೀನು, ಉಬ್ಬಸ. ದೃಷ್ಟಿ ತಾಗಿದೆಯೆಂದು ಮನೆಯವರು ನಿವಾಳಿಸಿ ಹಾಕಿದ್ದರು. ಅವನು ಮಲಗುವ ಕಡೆ ಕಿಟಕಿಯ ಹೊರಗೇ ಈ ಗಿಡ ಎದೆಯುದ್ದ ಬೆಳೆದಿತ್ತು. ಅದನ್ನು ಕಿತ್ತರು, ವೈದ್ಯರಿಂದ ಔಷಧ ಕೊಡಿಸಿದರು. ಈಗ ಹುಡುಗ ನೆಮ್ಮದಿಯಾಗಿ ನಿದ್ರಿಸುತ್ತಾನೆ.

ಈ ಹೂವಿನ ಪರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹುಡಿ. ಕಿಟಕಿಯಿಂದಲೂ, ನಮ್ಮ ಬಟ್ಟೆ, ತಲೆಗೂದಲು, ಮೇವಿನ ಹೊರೆಗೆ ಅಂಟಿಕೊಂಡೂ ಒಳಗೆ ಬರುತ್ತದೆ. ನೆಲದ ಮೇಲೆ, ಹಾಸಿಗೆಯ ಮೇಲೆ ಕೂರುತ್ತದೆ. ಪೊರಕೆ ಆಡಿಸಿದರೆ ಮತ್ತೆ ಮೇಲೇಳುತ್ತದೆ. ಎಲ್ಲರಿಗೂ ಇದು ಒಗ್ಗದೆಂದಲ್ಲ. ಒಗ್ಗದವರಿಗೆ ಸೀನು, ಮೂಗು ಸೋರುವುದು, ಕಣ್ಣುರಿ, ಉಬ್ಬಸ ಬರುತ್ತವೆ. ಗಿಡ ತಗುಲಿದರೆ ಕೆಲವರಿಗೆ ಮೈ ತುರಿಕೆಯೂ ಉಂಟು. ವರ್ಷಗಟ್ಟಲೆ ಏನೂ ಆಗದವರಿಗೂ ಮುಂದೆ ತೊಂದರೆ ಕಾಣಿಸಬಹುದು.

ಹಾಗಾದರೆ ಮಾಡತಕ್ಕದ್ದೇನು?

1. ಹೊಲದಿಂದ ಬಂದೊಡನೆ ಕೈಕಾಲು ಮುಖ ತೊಳೆದು ಬಟ್ಟೆ ಬದಲಿಸಿರಿ. ಅದೇ ಬಟ್ಟೆಯಲ್ಲಿ ಹಾಸಿಗೆಯ ಮೇಲೆ ಕೂರಬೇಡಿ.

2. ಮಲಗುವ ಕೋಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿರಿ.

3. ಗಿಡ ಹೂ ಬಿಟ್ಟ ಕಾಲದಲ್ಲಿ ಗಾಳಿ ಜೋರಾಗಿದ್ದರೆ ಆ ಕಡೆಯ ಕಿಟಕಿ ಮುಚ್ಚಿರಿ. ಆದರೆ ಅಡಿಗೆಮನೆಯ ಬೆಳಕಿಂಡಿಯನ್ನು ಮುಚ್ಚಲೇಬೇಡಿ. ಉಬ್ಬಸದವರಿಗೆ ಒಲೆಯ ಹೊಗೆಯೂ ಅಷ್ಟೇ ಕೆಟ್ಟದ್ದು.

4. ಉಬ್ಬಸ ಕಂಡರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಇವೆಲ್ಲ ಬಾಗಿಲ ಕಾವಲು ಮಾತ್ರ. ಗಿಡವನ್ನೇ ತೆಗೆಯುವುದು ಮೂಲ ಉಪಾಯ. ಮಳೆ ಬಿದ್ದು ನೆಲ ಹದವಾಗಿರುವಾಗ, ಹೂ ಬಿಡುವ ಮೊದಲೇ, ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿರಿ. ಹೂ ಬಿಟ್ಟದ್ದನ್ನು ಗುಂಡಿಗೆ ಹಾಕಿದರೆ ಬೀಜ ಗೊಬ್ಬರದೊಡನೆ ಮತ್ತೆ ಹೊಲ ಸೇರುತ್ತದೆ. ಕೀಳುವಾಗ ಕೈಗೆ ಚೀಲ ಕಟ್ಟಿಕೊಂಡು, ಮೂಗು ಬಾಯಿಗೆ ಬಟ್ಟೆ ಸುತ್ತಿಕೊಳ್ಳಿರಿ. ಉಬ್ಬಸ, ತುರಿಕೆ ಇರುವವರು ಈ ಕೆಲಸಕ್ಕೆ ಬರಕೂಡದು. ತೆರವಾದ ಜಾಗದಲ್ಲಿ ತಗಚೆ ಬೀಜ ಎರಚಿದರೆ ಅದು ಈ ಕಳೆಯನ್ನು ತುಳಿದು ಬೆಳೆಯುತ್ತದೆ.

ಒಂದೇ ಗಿಡ ಸಾವಿರಾರು ಬೀಜ ಉದುರಿಸಬಲ್ಲದು, ಗಾಳಿಗೆ ಬೇಲಿಯಿಲ್ಲ. ನಮ್ಮ ಹಿತ್ತಲು ಚೊಕ್ಕಟವಾಗಿ ನೆರೆಯವರದು ಹಾಗೇ ಉಳಿದರೆ ಫಲವಿಲ್ಲ. ಆದ್ದರಿಂದ ಮೊದಲ ಮಳೆ ಬಿದ್ದ ಮೂರನೆಯ ವಾರದೊಳಗೆ ಊರೆಲ್ಲ ಕೂಡಿ ಒಂದು ದಿನ ಶ್ರಮದಾನ ಮಾಡೋಣ. ದಿನ ಗೊತ್ತುಮಾಡಿ ತಿಳಿಸಿರಿ, ನಾನೂ ಬರುತ್ತೇನೆ.

— ನಿಮ್ಮ ಗ್ರಾಮಸೇವಕ